ವಾರದಿಂದ ಥೋರನಿಗೆ ಗೇಟ್‌ಪಾಸ್

ಶನಿವಾರಕ್ಕೆ ಐಸ್‌ಲ್ಯಾಂಡಿನವರು ಏನನ್ನುತ್ತಾರೆ ಗೊತ್ತಾ? ಲೋಯ್ಗರ್‌ದಾಗುರ್. ಅಂದರೆ ಸ್ನಾನದ ದಿನ!

ನನಗೆ ತಟ್ಟನೆ ನೆನಪಾಗಿದ್ದು ಅಜ್ಜಿ. ಶನಿವಾರ ಬಂತೆಂದರೆ ಗಂಡುಹುಡುಗರನ್ನೆಲ್ಲ ಸಾಲಾಗಿ ಕೂರಿಸಿ, ನೆತ್ತಿಗೆ ಹರಳೆಣ್ಣೆ ತಟ್ಟಿ, ಹಂಡೆ ಖಾಲಿಯಾಗುವವರೆಗೆ ಬಿಸಿನೀರು ಹೊಯ್ಯುತ್ತಿದ್ದಳು. ಸೀಗೆಪುಡಿ ಕಣ್ಣಿಗೆ ಹೋಗಿ ನಾವು ಕಿರುಚಿದರೂ ಬಿಡುತ್ತಿರಲಿಲ್ಲ.

ಗ್ರಹಗಳ ಲೆಕ್ಕದ ವಾರ ನಮಗೂ ಬಂತು, ರೋಮನ್ನರ ಕಡೆಯಿಂದ ಉತ್ತರ ಯುರೋಪಿಗೂ ಹೋಯಿತು. ಅಲ್ಲಿಯವರು ಗ್ರಹದ ಜಾಗದಲ್ಲಿ ತಮ್ಮ ದೇವರನ್ನು ಕೂರಿಸಿದರು. ನಮ್ಮ ಮಂಗಳನ ಜಾಗಕ್ಕೆ ಟೀರ್, ಬುಧನ ಜಾಗಕ್ಕೆ ಓಡಿನ್, ಗುರುವಿನ ಜಾಗಕ್ಕೆ ಥೋರ್, ಶುಕ್ರನ ಜಾಗಕ್ಕೆ ಫ್ರಿಗ್. ಶನಿಗೆ ಮಾತ್ರ ಜೋಡಿ ಸಿಗಲಿಲ್ಲವೇನೋ, ಬಚ್ಚಲಿಗೆ ಕಳಿಸಿಬಿಟ್ಟರು.

ಆಮೇಲೆ ಬಂದರು ಬಿಷಪ್ ಯೋನ್ ಓಗ್ಮುಂಡ್ಸನ್, 1106ರಲ್ಲಿ ಉತ್ತರ ಐಸ್‌ಲ್ಯಾಂಡಿನ ಹೋಲರ್‌ಗೆ ಮೊದಲ ಬಿಷಪ್ ಆಗಿ. ಹಳೇ ದೇವರ ಹೆಸರು ಕ್ರೈಸ್ತರ ಬಾಯಲ್ಲಿ ಬರಕೂಡದು ಎಂದು ಅವರೇ ಕಟ್ಟಪ್ಪಣೆ ಮಾಡಿದರಂತೆ. ಅಂತೂ ಮಂಗಳವಾರ ‘ಮೂರನೇ ದಿನ’ವಾಯಿತು, ಬುಧವಾರ ‘ವಾರದ ನಡು’, ಗುರುವಾರ ‘ಐದನೇ ದಿನ’, ಶುಕ್ರವಾರ ‘ಉಪವಾಸದ ದಿನ’. ಸೂರ್ಯ, ಚಂದ್ರ ಹೇಗೋ ಪಾರಾದರು. ಸ್ನಾನದ ತಂಟೆಗಂತೂ ಯಾರೂ ಹೋಗಲಿಲ್ಲ.

ಪಕ್ಕದ ಫರೋ ದ್ವೀಪಗಳಲ್ಲಿ ಕತೆಯೇ ಬೇರೆ. ಅವರ ಮಂಗಳವಾರದಲ್ಲಿ ಟೀರ್ ಇದ್ದಾನೆ, ಶುಕ್ರವಾರದಲ್ಲಿ ಫ್ರಿಗ್ ಇದ್ದಾಳೆ. ಬುಧವಾರ ಹೆಚ್ಚಿನವರಿಗೆ ‘ವಾರದ ನಡು’ವೇ, ಆದರೆ ಓಡಿನ್ನನ ಹೆಸರೂ ಕೆಲವೆಡೆ ಉಳಿದಿದೆ. ನನಗೆ ತುಂಬಾ ಹಿಡಿಸಿದ್ದು ಅವರ ಗುರುವಾರ, ಹೋಸ್‌ದಾಗುರ್. ಮೂಲದ ‘ಥ’ ಸವೆದು ‘ಹ’ ಆಗಿದೆ, ನಡುವಿನ ‘ರ’ಕಾರ ಉದುರಿಹೋಗಿದೆ. ರಾಜಧಾನಿ ಟೋರ್ಸ್‌ಹಾವ್ನ್ ಅಂದರೆ ಥೋರನ ಬಂದರು, ಅಲ್ಲಿ ಅವನ ಗುರುತು ಹತ್ತುತ್ತದೆ. ವಾರದಲ್ಲಿ ಹತ್ತುವುದಿಲ್ಲ. ಪಾಲನ್ನು ಹಾಲು ಮಾಡಿದ, ಆದಿತ್ಯವಾರವನ್ನು ಐತಾರ ಮಾಡಿದ ನಮಗೆ ಇದೇನು ಹೊಸದಲ್ಲ ಬಿಡಿ. ಅಪ್ಪಣೆಯಿಂದ ಅಳಿಸಿದ ಹೆಸರಿಗಿಂತ ಬಾಯಲ್ಲಿ ಸವೆದ ಹೆಸರೇ ನನಗೆ ಇಷ್ಟ. ನನ್ನ ವೋಟು ಫರೋದವರಿಗೆ.

ತಮಾಷೆ ಏನಪ್ಪಾ ಅಂದರೆ, ಓಡಿನ್, ಥೋರರ ಕತೆಗಳು ಇವತ್ತು ನಮಗೆ ಗೊತ್ತಿರುವುದೇ 13ನೇ ಶತಮಾನದ ಐಸ್‌ಲ್ಯಾಂಡಿಗರು ಅವನ್ನು ಬರೆದಿಟ್ಟಿದ್ದರಿಂದ. ವಾರದಿಂದ ಓಡಿಸಿದವರನ್ನು ಪುಸ್ತಕದಲ್ಲಿ ಕಾಪಾಡಿದರು, ಕೊನೆಗೆ ಹಡಗನ್ನೂ ಹತ್ತಿಸಿದರು. ಅವರ ಕರಾವಳಿ ಕಾವಲು ಹಡಗುಗಳಿಗೆ ಆಗ ಥೋರ್, ಓಡಿನ್, ಟೀರ್ ಎಂಬ ಹೆಸರುಗಳಿದ್ದವು! 1970ರ ದಶಕದಲ್ಲಿ ಕಾಡ್ ಮೀನಿಗಾಗಿ ಬ್ರಿಟನ್ ಜೊತೆ ಜಗಳವಾದಾಗ ಇವೇ ಸಮುದ್ರಕ್ಕಿಳಿದವು, ಬ್ರಿಟಿಷ್ ಟ್ರಾಲರ್‌ಗಳ ಬಲೆ ಕತ್ತರಿಸುವುದೇ ಐಸ್‌ಲ್ಯಾಂಡಿನ ತಂತ್ರ. ಎದುರಿಗಿದ್ದ ಬ್ರಿಟಿಷರ ಕ್ಯಾಲೆಂಡರಿನಲ್ಲೋ, ಅದೇ ಥೋರ್ ‘ಥರ್ಸ್‌ಡೇ’ ಆಗಿ ಆರಾಮಾಗಿ ಕೂತಿದ್ದ.