ಎಲ್ಸಾ ಜಡೆಗೆ ಹತ್ತಕ್ಕೆ ಎಂಟು

ನಮ್ಮ ಕಾರವಾರದ ಕಡೆ ಮಕ್ಕಳ ತಲೆಯೊಳಗೆ ಏನಿದೆ ಎಂದು ಶಾಲೆಯವರು ಪರೀಕ್ಷೆ ಮಾಡುವುದು ವರ್ಷಕ್ಕೆ ನಾಲ್ಕಾರು ಸಲ. ತಲೆಯ ಮೇಲೆ ಏನಿದೆ ಎಂದು ಪರೀಕ್ಷೆ ಮಾಡುವುದು ದಿನಾ ಬೆಳಿಗ್ಗೆ, ಪ್ರಾರ್ಥನೆಗೆ ಮುಂಚೆ. ಹೆಣ್ಣುಮಕ್ಕಳಿಗೆ ಎರಡು ಜಡೆ, ಮೇಲಕ್ಕೆ ಮಡಚಿ ಕಟ್ಟಿರಬೇಕು. ರಿಬ್ಬನ್ ಯೂನಿಫಾರ್ಮಿನ ಬಣ್ಣದ್ದೇ ಆಗಬೇಕು. ಗಂಡುಮಕ್ಕಳ ಕೂದಲು ಕಿವಿ ಮುಟ್ಟಬಾರದು, ಕಾಲರ್ ಮುಟ್ಟಬಾರದು, ಪಿ.ಟಿ. ಮಾಸ್ತರರ ಬೆರಳಿಗಂತೂ ಸಿಗಲೇಬಾರದು. ಸಿಕ್ಕಿತೋ, ಮರುದಿನ ಅಪ್ಪನನ್ನು ಕರೆದುಕೊಂಡು ಬರಬೇಕು. ಬಂದ ಅಪ್ಪನ ತಲೆಯಲ್ಲಿ ಹಿಡಿಯಲು ಏನೂ ಇರುವುದಿಲ್ಲ, ಅದು ಬೇರೆ ಮಾತು.

ಇಂಥ ಒಂದು ಶಾಲೆಯಿಂದ (ಯಾವುದು ಅಂತ ಕೇಳಬೇಡಿ, ನಿಮ್ಮ ಮಕ್ಕಳು ಹೋಗುವುದೇ ಇರಬಹುದು) ಗುರುವಾರ ರಾತ್ರಿ ಪಾಲಕರ ವಾಟ್ಸ್ಆ್ಯಪ್ ಗ್ರೂಪಿಗೆ ಒಂದು ಮೆಸೇಜು ಬಂತು. 'ಶನಿವಾರ ಸಿನಿಮಾ ಕೇಶಾಲಂಕಾರ ದಿನ. ಪ್ರತಿ ಮಗು ತನಗಿಷ್ಟವಾದ ಸಿನಿಮಾ ಪಾತ್ರದ ಕೂದಲಿನಲ್ಲಿ ಬರತಕ್ಕದ್ದು. ಅಲಂಕಾರ ಮನೆಯಲ್ಲೇ ಆಗಿರಬೇಕು. ಪಾರ್ಲರಿಗೆ ಹೋಗಿದ್ದು ಕಂಡುಬಂದರೆ ಅಂಕ ಕಡಿತ. ಭಾಗವಹಿಸುವುದು ಕಡ್ಡಾಯ. ಮಕ್ಕಳ ಸೃಜನಶೀಲತೆಯನ್ನು ಹೊರತರುವುದೇ ನಮ್ಮ ಉದ್ದೇಶ.' ಕೆಳಗೆ ಸಾಲಾಗಿ ಕೈ ಮುಗಿದ ಚಿತ್ರಗಳು. ಅದು ಒಪ್ಪಿಗೆಯೋ ಪ್ರಾಣಭಿಕ್ಷೆಯೋ ಗೊತ್ತಾಗಲಿಲ್ಲ.

ಮಕ್ಕಳ ಸೃಜನಶೀಲತೆಯಂತೆ. ಒಂದನೇ ತರಗತಿಯ ಹುಡುಗಿ ತನ್ನ ಹಿಂದಲೆಗೆ ತಾನೇ ಫ್ರೆಂಚ್ ಜಡೆ ಹೆಣೆದುಕೊಂಡು ಬರುತ್ತಾಳೆ ಎಂದು ಆ ಮೆಸೇಜು ಬರೆದವರೂ ನಂಬಿರಲಿಕ್ಕಿಲ್ಲ. ಈ ಸ್ಪರ್ಧೆಗೆ ಮಗು ಕೊಡುವುದು ತಲೆ ಮಾತ್ರ. ಉಳಿದದ್ದೆಲ್ಲ ಆಯಿಯ, ಅಂದರೆ ಅಮ್ಮನ ಪಾಲಿಗೆ.

ನನಗೆ ಕೂಡಲೇ ನೆನಪಾದದ್ದು ಕುಲಹಳ್ಳಿಯ ಪತ್ರ. 2023ರಲ್ಲಿ ಬಾಗಲಕೋಟೆ ಜಿಲ್ಲೆಯ ಆ ಊರಿನ ಸರ್ಕಾರಿ ಪ್ರೌಢಶಾಲೆಯ ಮುಖ್ಯಶಿಕ್ಷಕರು ಕ್ಷೌರದ ಅಂಗಡಿಯವರಿಗೆ ಪತ್ರ ಬರೆದಿದ್ದರು. ನಮ್ಮ ಹುಡುಗರಿಗೆ ದಯವಿಟ್ಟು ಹೆಬ್ಬುಲಿ ಕಟಿಂಗ್ ಮಾಡಬೇಡಿ ಎಂದು. 2017ರ ಆ ಸಿನಿಮಾದಲ್ಲಿ ಸುದೀಪ್ ಅವರದು ಕಮಾಂಡೋ ಪಾತ್ರ. ಎರಡೂ ಪಕ್ಕ ನುಣ್ಣಗೆ, ನೆತ್ತಿಯ ಮೇಲೆ ಮಾತ್ರ ಬೆಳೆ. ಸಿನಿಮಾ ಬಂದು ಆರು ವರ್ಷವಾದರೂ ಕಟಿಂಗ್ ಇನ್ನೂ ಓಡುತ್ತಲೇ ಇತ್ತು. ಪತ್ರ ನಾಡಿನ ತುಂಬ ಸುದ್ದಿಯಾಯಿತು. ನಾವು ಹೇಳುತ್ತಿರುವ ಈ ಶಾಲೆಯವರೂ ಆಗ ಆ ಸುದ್ದಿಯನ್ನು ಇದೇ ಗ್ರೂಪಿಗೆ ಹಾಕಿ 'ಪಾಲಕರು ಗಮನಿಸಿ' ಎಂದಿದ್ದರು. ಬೆರಳಿನಿಂದ ಮೇಲಕ್ಕೆ ಸರಿಸುತ್ತ ಹೋದರೆ ಈಗಲೂ ಸಿಗುತ್ತದೆ. ಯಾರೂ ಅಷ್ಟು ಮೇಲೆ ಹೋಗುವುದಿಲ್ಲ. ಹುಡುಗ ತಾನಾಗಿ ಸಿನಿಮಾ ಕೂದಲು ಬಿಟ್ಟರೆ ಅಶಿಸ್ತು. ಶಾಲೆ ಹೇಳಿದ ಶನಿವಾರ ಬಿಟ್ಟರೆ ಪಠ್ಯೇತರ ಚಟುವಟಿಕೆ.

ಶುಕ್ರವಾರ ಸಂಜೆ ಪೇಟೆಯ ಫ್ಯಾನ್ಸಿ ಸ್ಟೋರುಗಳಲ್ಲಿ ಚೌತಿಯ ಮುನ್ನಾದಿನದ ಗದ್ದಲ. ಯು ಪಿನ್ನು ಖಾಲಿ. ಹೇರ್ ಸ್ಪ್ರೇ ಖಾಲಿ. ಚೌರಿ ಕೇಳಿದರೆ ಕಪ್ಪು ಮಾತ್ರ ಇದೆಯಂತೆ, ಡಿಸ್ನಿಯ 'ಫ್ರೋಜನ್' ಸಿನಿಮಾದ ರಾಣಿ ಎಲ್ಸಾಗೆ ಬೇಕಾದದ್ದು ಬೆಳ್ಳನೆಯ ಹೊಂಬಣ್ಣ. ಕೊನೆಗೆ ಸ್ವೆಟರ್ ಹೆಣೆಯುವ ಉಲ್ಲನ್ನೂ ಜನ ಬಿಡಲಿಲ್ಲ. ಕಾರವಾರದಲ್ಲಿ ಉಲ್ಲನ್ ನೂಲು ಖಾಲಿಯಾಯಿತು ಅಂದರೆ ಅರ್ಥ ಮಾಡಿಕೊಳ್ಳಿ. ಇಲ್ಲಿ ಡಿಸೆಂಬರಿನಲ್ಲೂ ಫ್ಯಾನು ಬೇಕು.

ಗ್ರೂಪಿನಲ್ಲಿ ಆ ಹೊತ್ತಿಗೆ ಕಾನೂನು ಚರ್ಚೆ ಶುರುವಾಗಿತ್ತು. ಒಬ್ಬ ತಂದೆಗೆ ಮಗನನ್ನು ಕೆಜಿಎಫ್ ಮಾಡಬೇಕು. 2018ರಿಂದ ಅವರಿಗೆ ಅದೊಂದು ಆಸೆ, ಸ್ವಂತ ಮುಖದ ಮೇಲೆ ಅದು ಕೈಗೂಡಲಿಲ್ಲ. 'ಗಡ್ಡ ಕೂಡ ಕೂದಲೇ ಅಲ್ವಾ ಮಿಸ್?' ಎಂದು ಕೇಳಿದರು. ಮಿಸ್ ಮೇಲಿನವರನ್ನು ಕೇಳಿ ಉತ್ತರ ಕೊಟ್ಟರು: 'ಗಡ್ಡಕ್ಕೆ ಅಂಕ ಇಲ್ಲ. ಆದರೆ ಬಿಡಬಹುದು.' ಹುಡುಗನಿಗೆ ಆರು ವರ್ಷ. ಒಂದೇ ರಾತ್ರಿಯಲ್ಲಿ ಬಿಡಬೇಕಿತ್ತು.

ಪಾರ್ಲರ್ ನಿಷೇಧವನ್ನು ಮಾತ್ರ ಎಲ್ಲರೂ ಚಾಚೂ ತಪ್ಪದೆ ಪಾಲಿಸಿದರು. ಯಾರೂ ಪಾರ್ಲರಿಗೆ ಹೋಗಲಿಲ್ಲ. ಪಾರ್ಲರಿನ ಅಕ್ಕನೇ ಶನಿವಾರ ನಸುಕಿಗೆ ಸ್ಕೂಟಿ ಹತ್ತಿ, ಚೀಲ ತೂಗಿಸಿಕೊಂಡು, ಕೋಡಿಬಾಗದಿಂದ ಶುರುಮಾಡಿ ಮನೆಮನೆಗೆ ಬಂದಳು. ಅಲಂಕಾರ ಮನೆಯಲ್ಲೇ ಆಗಿದೆ. ಯಾರ ಮನೆ, ಯಾರ ಕೈ ಎಂದು ನಿಯಮದಲ್ಲಿ ಬರೆದಿರಲಿಲ್ಲ.

ಅಕ್ಕ ಸಿಗದವರಿಗೆ ಯೂಟ್ಯೂಬೇ ಗತಿ. ಆ ವಿಡಿಯೋಗಳನ್ನು ನೀವು ನೋಡಬೇಕು. 'ಐದೇ ನಿಮಿಷದಲ್ಲಿ ಎಲ್ಸಾ ಜಡೆ' ಅನ್ನುತ್ತವೆ. ಅದರಲ್ಲಿರುವ ಹುಡುಗಿಗೆ ಸೊಂಟದವರೆಗೆ ಕೂದಲು. ಕುತ್ತಿಗೆ ತಿರುಗಿಸುವುದಿಲ್ಲ, ಆಕಳಿಸುವುದಿಲ್ಲ, 'ಸೂಸು ಬಂತು' ಅನ್ನುವುದಿಲ್ಲ. ನಮ್ಮ ಮನೆಯ ಹುಡುಗಿಗೆ ಭುಜದವರೆಗೂ ಬರದ ಕೂದಲು, ನೆತ್ತಿಯಲ್ಲಿ ಮೂರು ಸುಳಿ, ಜೊತೆಗೆ ಶಾಲೆಯಿಂದಲೇ ತಂದುಕೊಂಡ ಪೇನು. ಅಪ್ಪನ ಕೆಲಸ ಮೊಬೈಲು ಹಿಡಿಯುವುದು, ಆಯಿ 'ನಿಲ್ಸಿ' ಅಂದಾಗ ನಿಲ್ಲಿಸುವುದು. ಒಬ್ಬ ಅಪ್ಪ ಸುಮ್ನೆ ಇರಲಾರದೆ 'ಸ್ವಲ್ಪ ಎಡಕ್ಕೆ ಹೋಯ್ತಲ್ಲ' ಎಂದ. ಆಮೇಲೆ ಆ ಮನೆಯಲ್ಲಿ ಬೆಳಗಿನವರೆಗೆ ಬಾಚಣಿಗೆಯ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಶಿರಸಿಯಿಂದ ಬಂದಿದ್ದ ಅಜ್ಜಿಯೊಬ್ಬರು ಮಧ್ಯರಾತ್ರಿ ಎದ್ದು ಬಂದು ನೋಡಿದರು. "ಕೂಸೆ, ಎಂತದೇ ಇದು? ಬಾ ಇಲ್ಲಿ, ಎಣ್ಣೆ ಹಚ್ಚಿ ಎರಡು ಜಡೆ ಹಾಕ್ತಿ." ಎಣ್ಣೆ ಎಂಬ ಮಾತು ಕೇಳಿದ್ದೇ ಸೊಸೆ ಮಗಳ ತಲೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡಳು.

ಈ ಆಯಂದಿರು ಯಾರ ಜೊತೆ ಪೈಪೋಟಿಗೆ ಇಳಿದಿದ್ದಾರೆ ಎಂಬುದನ್ನೂ ಸ್ವಲ್ಪ ನೋಡೋಣ. 2013ರ 'ಫ್ರೋಜನ್'ನಲ್ಲಿ ಎಲ್ಸಾಳ ತಲೆಗೆ ಕಂಪ್ಯೂಟರಿನಲ್ಲಿ ನಾಲ್ಕು ಲಕ್ಷ ಎಳೆ ಕೂದಲು ನೆಟ್ಟಿದ್ದರು. ನಿಮ್ಮ ನನ್ನ ತಲೆಯಲ್ಲಿ, ಎಲ್ಲ ಸರಿ ಇದ್ದ ಕಾಲದಲ್ಲಿ, ಸುಮಾರು ಒಂದು ಲಕ್ಷ. 2010ರ 'ಟ್ಯಾಂಗಲ್ಡ್' ಸಿನಿಮಾದಲ್ಲಿ ಬಂದ ರಪುಂಜೆಲ್‌ಳ ಕೂದಲು 70 ಅಡಿ. ಅದನ್ನು ಅಲುಗಾಡಿಸಲು ಡಿಸ್ನಿಯಲ್ಲಿ ಕೂದಲ ಚಲನೆಯ ಮೇಲೆಯೇ ಡಾಕ್ಟರೇಟ್ ಮಾಡಿದ ಎಂಜಿನಿಯರ್ ಇದ್ದರು, ವರ್ಷಗಟ್ಟಲೆ ಅದನ್ನೇ ಮಾಡಿದರು. 2012ರ 'ಬ್ರೇವ್' ಸಿನಿಮಾದ ಮೆರಿಡಾಳ ಕೆಂಪು ಗುಂಗುರಿಗೆ ಪಿಕ್ಸಾರ್‌ನವರು ಹೊಸ ಸಾಫ್ಟ್‌ವೇರನ್ನೇ ಬರೆದರು. ನಮ್ಮಲ್ಲಿ ಆ ಇಡೀ ಇಲಾಖೆಯ ಕೆಲಸವನ್ನು ನೈಟಿ ಹಾಕಿಕೊಂಡ ಒಬ್ಬ ಹೆಂಗಸು, ಮರುದಿನದ ದೋಸೆ ಹಿಟ್ಟು ರುಬ್ಬುತ್ತ ಮಾಡಬೇಕು.

ಇನ್ನೂ ಒಂದು ಗುಟ್ಟಿದೆ. ಎಲ್ಸಾ ಹಾಡುತ್ತ ಹಾಡುತ್ತ ಜಡೆಯನ್ನು ಬೆನ್ನಿನಿಂದ ಎಡ ಭುಜದ ಮೇಲಕ್ಕೆ ತಂದುಕೊಳ್ಳುತ್ತಾಳಲ್ಲ, ಆ ದೃಶ್ಯವನ್ನು ನಿಧಾನಕ್ಕೆ ಓಡಿಸಿ ನೋಡಿ. ಜಡೆ ಅವಳ ತೋಳಿನ ಒಳಗಿಂದಲೇ ಹಾದು ಬರುತ್ತದೆ. ಅಷ್ಟು ದುಡ್ಡು, ಅಷ್ಟು ಕಂಪ್ಯೂಟರು ಇದ್ದವರಿಗೇ ಆ ಜಡೆ ಸರಿಯಾಗಿ ಮುಂದೆ ಬರಲಿಲ್ಲ. ಇಲ್ಲಿ ಅದೇ ಜಡೆ ಸ್ವಲ್ಪ ಸೊಟ್ಟಗಾದರೆ ಎರಡು ಅಂಕ ಹೋಯಿತು.

ಜೊತೆಗೆ ನಮ್ಮ ಸಮುದ್ರ. ಡಬ್ಬಿಯಿಂದ ಹೊರಗಿಟ್ಟ ಹಪ್ಪಳ ಎಷ್ಟು ಹೊತ್ತು ಗರಿಗರಿ ಇರುತ್ತದೋ, ಇಸ್ತ್ರಿ ಮಾಡಿದ ಕೂದಲೂ ಕಾರವಾರದಲ್ಲಿ ಅಷ್ಟೇ ಹೊತ್ತು. ಬಿಸಿ ಸಲಾಕೆ ಕೂದಲೊಳಗಿನ ಹೈಡ್ರೋಜನ್ ಬಂಧಗಳನ್ನು ಬಿಡಿಸಿ ಹೊಸ ಆಕಾರಕ್ಕೆ ಕೂರಿಸುತ್ತದೆ. ಗಾಳಿಯಲ್ಲಿನ ತೇವ ಅವನ್ನು ಮತ್ತೆ ಬಿಡಿಸುತ್ತದೆ. ಇದನ್ನು ವಿಜ್ಞಾನದ ಅಕ್ಕೋರು ಆ ದಿನ ಪಾಠ ಮಾಡಿದ್ದರೆ ಇಡೀ ತರಗತಿಯೇ ಪ್ರಯೋಗಾಲಯ. ಆದರೆ ಅವರು ತೀರ್ಪುಗಾರರಾಗಿದ್ದರು. ಹಾಗಾಗಿ ನೇರ ಕೂದಲಿನ ರಾಜಕುಮಾರಿಯರೆಲ್ಲ ಗೇಟು ತಲುಪುವಷ್ಟರಲ್ಲಿ ಮೆರಿಡಾ ಆಗಿದ್ದರು. ಮೆರಿಡಾ ಆಗಿ ಹೊರಟವರು ಏನಾಗಿದ್ದರು ಎಂದು ಹೇಳಲು ಆ ಪಾತ್ರ ಇರುವ ಸಿನಿಮಾ ಇನ್ನೂ ಬಂದಿಲ್ಲ.

ಶಾಲೆಗೆ ಕರೆದೊಯ್ಯುವುದು ಇನ್ನೊಂದು ಸಂಕಟ. ಮೋಟಾರು ವಾಹನ ಕಾಯ್ದೆಯ ಪ್ರಕಾರ ನಾಲ್ಕು ವರ್ಷ ದಾಟಿದ ಯಾರೇ ಆಗಲಿ, ಬೈಕಿನಲ್ಲಿ ಕೂತರೆ ಹೆಲ್ಮೆಟ್ ಬೇಕು. ಉಳಿದ ದಿನ ಈ ಕಾಯ್ದೆ ಇದೆ ಎಂಬುದೇ ಯಾರಿಗೂ ನೆನಪಿರುವುದಿಲ್ಲ. ಆ ದಿನ ಎಲ್ಲರಿಗೂ ನೆನಪಾಯಿತು, ಯಾಕೆಂದರೆ ಅಪ್ಪ ಬೈಕು ತೆಗೆದಾಗ ಆಯಿ ಅದನ್ನೇ ಹೇಳಿ ರಿಕ್ಷಾ ತರಿಸಿದಳು. ಸದಾಶಿವಗಡದ ಕಡೆಯಿಂದ ಬಂದವರ ಪಾಡು ಕೇಳಬೇಡಿ. ಕಾಳಿ ಸೇತುವೆಯ ಮೇಲೆ ರಿಕ್ಷಾದ ಎರಡೂ ಪಕ್ಕದಿಂದ ಗಾಳಿ. ಒಬ್ಬಳ ಉಲ್ಲನ್ ಜಡೆ ಹೊರಗೆ ಹಾರಿ, ಹಿಂದೆ ಬರುತ್ತಿದ್ದ ಮೀನಿನ ಟೆಂಪೋದ ಕನ್ನಡಿಗೆ ಸುತ್ತಿಕೊಂಡು ಕಾರವಾರ ಸೇರಿತಂತೆ. ವಾಪಸು ಸಿಕ್ಕಿತು. ಬಂಗುಡೆ ವಾಸನೆಗೆ ಅಂಕ ಕಡಿಯಲಿಲ್ಲ.

ಸಭಾಂಗಣದಲ್ಲಿ ಎಲ್ಲಿ ನೋಡಿದರೂ ಎಲ್ಸಾ. ನಡುವೆ ಅಲ್ಲೊಬ್ಬ ಇಲ್ಲೊಬ್ಬ ಕೆಜಿಎಫ್, ಬೆವರಿಗೆ ಕಾಡಿಗೆ ಗಡ್ಡ ಕುತ್ತಿಗೆಗೆ ಇಳಿದವನು. 'ಸ್ಟಾರ್ ವಾರ್ಸ್'ನ ರಾಜಕುಮಾರಿ ಲಿಯಾ ಒಬ್ಬಳಿದ್ದಳು, ಕಿವಿಗೊಂದೊಂದು ತುರುಬು. 1977ರ ಸಿನಿಮಾ, ಅಜ್ಜನ ಆಯ್ಕೆ. ತುರುಬು ಎರಡೂ ಕಿವಿ ಮುಚ್ಚಿದ್ದರಿಂದ ಅವಳ ಹೆಸರು ಮೂರು ಸಲ ಕೂಗಿದರೂ ಅವಳಿಗೆ ಕೇಳಲಿಲ್ಲ. ಗೈರುಹಾಜರಿ ಎಂದು ಬರೆದುಕೊಂಡರು.

ತೀರ್ಪುಗಾರರಿಗೆ ನಿಜವಾದ ಪರೀಕ್ಷೆ ಬಂದದ್ದು ಒಬ್ಬ ಹೊನ್ನಾವರದ ಮಾಣಿಯಿಂದ. ಅಪ್ಪ ಹವ್ಯಾಸಿ ಯಕ್ಷಗಾನ ಕಲಾವಿದ. ಯೂಟ್ಯೂಬ್ ನೋಡದೆ, ಸ್ಪ್ರೇ ಹೊಡೆಯದೆ, ಮಗನ ತಲೆಗೆ ಅಚ್ಚುಕಟ್ಟಾಗಿ ಕೇದಗೆ ಮುಂದಲೆ ಎಂಬ ಯಕ್ಷಗಾನದ ತಲೆಕಟ್ಟು ಕಟ್ಟಿ ಕಳಿಸಿದ್ದ. ಗಾಳಿಗೂ ಜಗ್ಗಿರಲಿಲ್ಲ, ರಾತ್ರಿಯಿಡೀ ಕುಣಿದರೂ ಬೀಳದ ಕಟ್ಟು ಅದು.

"ಇದು ಯಾವ ಸಿನಿಮಾ?"

"ಅಭಿಮನ್ಯು, ಮಿಸ್."

ಒಬ್ಬರು ತೀರ್ಪುಗಾರರು ಮೊಬೈಲು ತೆಗೆದು ಹುಡುಕಿದರು. ಇತ್ತು! ಅರ್ಜುನ್ ಸರ್ಜಾ ಅವರ 2014ರ ಕನ್ನಡ ಸಿನಿಮಾ. ಸರಿ, ಹುಡುಗ ಸ್ಪರ್ಧೆಗೆ ಅರ್ಹ. ಆದರೆ ಚಿತ್ರ ದೊಡ್ಡದು ಮಾಡಿ ನೋಡಿದರೆ ಅರ್ಜುನ್ ಸರ್ಜಾ ತಲೆಯಲ್ಲಿ ಕೇದಗೆ ಮುಂದಲೆ ಇಲ್ಲ. 'ಪಾತ್ರಕ್ಕೂ ಕೂದಲಿಗೂ ಹೊಂದಿಕೆಯಿಲ್ಲ' ಎಂದು ಬರೆದು ಹತ್ತಕ್ಕೆ ಎರಡು ಕೊಟ್ಟರು. ನೋಡಲು ಬಂದಿದ್ದ ಅಪ್ಪ ಏನೂ ಹೇಳಲಿಲ್ಲ. ಭಾಗವತರಿಲ್ಲದ ಕಡೆ ಮಾತಾಡುವ ರೂಢಿ ಅವರಿಗಿಲ್ಲ ಎಂದು ಕಾಣುತ್ತದೆ.

ಇನ್ನೊಬ್ಬ ಹುಡುಗನಿಗೆ ಹೋದ ತಿಂಗಳು ತಿರುಪತಿಯಲ್ಲಿ ಮುಡಿ ಕೊಟ್ಟಿದ್ದರು. ತಲೆಯಲ್ಲಿ ಸಾಸಿವೆಯಷ್ಟೂ ಕೂದಲಿಲ್ಲ, ಭಾಗವಹಿಸುವುದು ಕಡ್ಡಾಯ. ಆಯಿ ಅವನನ್ನು ಸುಮ್ನೆ ಹಾಗೇ ಕಳಿಸಿ, ಚೀಟಿಯಲ್ಲಿ 'ಒಂದು ಮೊಟ್ಟೆಯ ಕಥೆ, 2017' ಎಂದು ಬರೆದಳು. ರಾಜ್ ಬಿ. ಶೆಟ್ಟಿ ಅವರ ಆ ಸಿನಿಮಾದ ನಾಯಕ ಬಕ್ಕತಲೆಯ ಮೇಷ್ಟ್ರು. ಪಾತ್ರಕ್ಕೆ ಹೊಂದಿಕೆ ನೂರಕ್ಕೆ ನೂರು. ಮನೆಯಲ್ಲೇ ಮಾಡಿದ್ದೇ ಎಂಬ ಕಾಲಮ್ಮಿನಲ್ಲಿ ಮಾತ್ರ ತೀರ್ಪುಗಾರರು ಸಿಕ್ಕಿಬಿದ್ದರು. ಈ ಅಲಂಕಾರ ತಿರುಪತಿಯಲ್ಲಿ ಆದದ್ದು. ಅದನ್ನು ಪಾರ್ಲರ್ ಎಂದು ಪರಿಗಣಿಸಬೇಕೇ ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಸಮಾಧಾನಕರ ಬಹುಮಾನ ಕೊಟ್ಟು ಕೈ ಮುಗಿದರು.

ಮೊದಲ ಬಹುಮಾನ ಒಬ್ಬ ಎಲ್ಸಾಗೆ, ಹತ್ತಕ್ಕೆ ಎಂಟು. ಹೆಚ್ಚುಕಮ್ಮಿ ಅದೇ ಜಡೆಯ ಇನ್ನೊಬ್ಬ ಎಲ್ಸಾಗೆ ಏಳೂವರೆ. ಆ ಅರ್ಧ ಅಂಕಕ್ಕಾಗಿ ಇಬ್ಬರು ಆಯಂದಿರು ಈಗ ಮೀನುಪೇಟೆಯಲ್ಲಿ ಎದುರಾದರೂ ಮಾತಾಡುವುದಿಲ್ಲ. ಎರಡೂ ಜಡೆ ಹೆಣೆದದ್ದು ಒಂದೇ ಪಾರ್ಲರಿನ ಅಕ್ಕ. ಅವಳು ಇಬ್ಬರಿಗೂ ಬೇರೆಬೇರೆಯಾಗಿ ಸಮಾಧಾನ ಹೇಳಿದ್ದಾಳೆ.

ಭಾನುವಾರ ಬೆಳಿಗ್ಗೆ ಕ್ಷೌರದ ಅಂಗಡಿಯ ಮುಂದೆ ಸಾಲು. ಸ್ಪ್ರೇ, ಜೆಲ್ಲು, ಮಿಂಚಿನ ಪುಡಿ, ಒಂದು ಮನೆಯಲ್ಲಂತೂ ಫೆವಿಕಾಲ್. ಎಷ್ಟು ಕೊಬ್ಬರಿ ಎಣ್ಣೆ ಸುರಿದರೂ ಸಿಕ್ಕು ಬಿಡಲಿಲ್ಲ. ಸೋಮವಾರ ಮತ್ತೆ ಕಾಲರ್ ಮುಟ್ಟದ ಕೂದಲು ಬೇಕು, ಪಿ.ಟಿ. ಮಾಸ್ತರರು ಗೇಟಿನಲ್ಲಿ ನಿಂತಿರುತ್ತಾರೆ. ಕೆಜಿಎಫ್ ಅಳುತ್ತ ಕುರ್ಚಿ ಏರಿದ. ಅಂಗಡಿಯವನು ಮಷಿನ್ನು ಆಡಿಸುತ್ತ, ಹೊರಗಿನ ಸಾಲನ್ನು ಕನ್ನಡಿಯಲ್ಲೇ ಎಣಿಸಿ, ಹುಡುಗನ ಅಪ್ಪನನ್ನು ಕೇಳಿದ:

"ಇದು ವರ್ಷಕ್ಕೆ ಒಂದೇ ಸಲನಾ ಸರ್, ಅಥ್ವಾ ಎರಡು ಸಲ ಇಡ್ತಾರಾ?"