ಹೆಂಡದಂಗಡಿಯ ಕಥೆ ಬಿಟ್ಟುಹೋಗಿದೆ
ಸ್ಕಾಟ್ಲೆಂಡಿನ ಗ್ರೆಟ್ನಾದಲ್ಲಿ ಮೊದಲ ಮಹಾಯುದ್ಧಕ್ಕೆಂದು ಎದ್ದ ಕಾರ್ಡೈಟ್ (ಗುಂಡು ಹಾರಿಸುವ ಮದ್ದು) ಕಾರ್ಖಾನೆಯ ಬಗ್ಗೆ ನಾನು ಓದಿದ ಲೇಖನ ಚೆನ್ನಾಗಿದೆ. ಸ್ಫೋಟಕಗಳಾದ ನೈಟ್ರೋಗ್ಲಿಸರಿನ್ ಮತ್ತು ಗನ್‌ಕಾಟನ್ ಸೇರಿಸಿ ಹೆಣ್ಣುಮಕ್ಕಳು ಬರಿಗೈಯಲ್ಲಿ ನಾದುತ್ತಿದ್ದ ಆ ಹಿಟ್ಟನ್ನು ಷರ್ಲಾಕ್ ಹೋಮ್ಸ್ ಕಥೆಗಾರ ಕಾನನ್ ಡಾಯ್ಲ್ 'ಸೈತಾನನ ಗಂಜಿ' ಎಂದು ಕರೆದದ್ದು ಸುಮ್ಮನೆ ಅಲ್ಲ!

ಆದರೆ ಆ ಲೇಖನದಲ್ಲಿ ಮುಖ್ಯವಾದದ್ದೊಂದು ಬಿಟ್ಟುಹೋಗಿದೆ. ಕಾರ್ಖಾನೆ ಕಟ್ಟಲು ಬಂದ ಸಾವಿರಾರು ಕೂಲಿಗಳು ಸಂಜೆಯಾದರೆ ಪಕ್ಕದಲ್ಲೇ ಇದ್ದ ಇಂಗ್ಲೆಂಡಿನ ಊರು ಕಾರ್ಲೈಲ್‌ಗೆ ಹೋಗಿ ಕುಡಿದು ಗಲಾಟೆ ಮಾಡುತ್ತಿದ್ದರು. ಬೇಸತ್ತ ಸರ್ಕಾರ 1916ರಲ್ಲಿ ಅಲ್ಲಿನ ಪಬ್, ಬಿಯರ್ ತಯಾರಿಕೆ ಎಲ್ಲವನ್ನೂ ತಾನೇ ಕೊಂಡುಕೊಂಡಿತು. ಯುದ್ಧ ಮುಗಿಯಿತು, ಕಾರ್ಖಾನೆಯೂ ಮುಚ್ಚಿತು. ಸರ್ಕಾರಿ ಪಬ್‌ಗಳು ಮಾತ್ರ 1970ರ ದಶಕದವರೆಗೂ ನಡೆದವು. ನೌಕರರಿಗೆಂದು ಕಟ್ಟಿದ ಗ್ರೆಟ್ನಾ, ಈಸ್ಟ್‌ರಿಗ್ಸ್ ಊರುಗಳಲ್ಲಿ ಈಗಲೂ ಜನ ವಾಸವಾಗಿದ್ದಾರೆ.