ಮನೆ ಕೊಟ್ಟರು, ಆರಡಿ ಮೂರಡಿ ಕೊಡಲಿಲ್ಲ

ರಿಚರ್ಡ್ ಫ್ರೈ ಹೆಸರನ್ನು ನಮ್ಮಲ್ಲಿ ಜಾಸ್ತಿ ಜನ ಕೇಳಿರಲಿಕ್ಕಿಲ್ಲ. 1920ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಹುಟ್ಟಿದವರು. ಅಪ್ಪ ಅಮ್ಮ ಸ್ವೀಡನ್ ಕಡೆಯವರು. ಆ ಮನೆಗೂ ಪರ್ಷಿಯಾಕ್ಕೂ, ಅಂದರೆ ಇವತ್ತಿನ ಇರಾನಿಗೂ, ಎಲ್ಲಿಂದೆಲ್ಲಿಯ ಸಂಬಂಧ! ಆದರೂ ಇಡೀ ಆಯುಷ್ಯ ಅದಕ್ಕೇ ಸುರಿದರು. ಹಾರ್ವರ್ಡ್‌ನಲ್ಲಿ 1957ರಿಂದ 1990ರವರೆಗೆ ಇರಾನ್ ಅಧ್ಯಯನದ ಪ್ರಾಧ್ಯಾಪಕರು. ನಡುವೆ 70ರ ದಶಕದಲ್ಲಿ ಇರಾನಿನ ಶಿರಾಜ್‌ಗೆ ಹೋಗಿ ಏಷ್ಯಾ ಇನ್‌ಸ್ಟಿಟ್ಯೂಟ್ ನಡೆಸಿದರು. ಪರ್ಷಿಯನ್ ಮಹಾನಿಘಂಟು ಕಟ್ಟಿದ ದೆಹಖೋದಾ ಅವರೇ ಇವರನ್ನು 'ಇರಾನ್‌ದೂಸ್ತ್' ಅಂತ ಕರೆದಿದ್ದರು. ಇರಾನಿನ ಗೆಳೆಯ ಅಂತ.

ಇರಾನನ್ನು ಇವತ್ತಿನ ಗಡಿಯೊಳಗೆ ನೋಡಿದರೆ ಅರ್ಧವೂ ಕಾಣಲ್ಲ ಅನ್ನೋದು ಅವರ ವಾದ. ಬುಖಾರಾ, ಸಮರ್ಕಂದ್, ಕಾಬೂಲ್ ಎಲ್ಲ ಅದರ ಲೆಕ್ಕಕ್ಕೆ ಬರಬೇಕು. ಅರಬರು ಗೆದ್ದ ಮೇಲೂ ಪರ್ಷಿಯನ್ ಸಂಸ್ಕೃತಿ ಸಾಯಲಿಲ್ಲ, ಇಸ್ಲಾಮನ್ನು ಅರಬರಾಚೆಗೂ ಬೆಳೆಸಿದ್ದರಲ್ಲಿ ಇರಾನಿಯರ ಪಾಲು ದೊಡ್ಡದು ಅಂತ ಹೇಳುತ್ತಿದ್ದರು. ನಮ್ಮ ಬೀದರಿನ ಮದರಸಾ ನೋಡಿದವರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಅದನ್ನು ಕಟ್ಟಿಸಿದ ಮಹಮೂದ್ ಗವಾನ್ ಇರಾನಿನ ಗಿಲಾನ್ ಕಡೆಯವನು. ಮಣ್ಣಾಗಿದ್ದು ಬೀದರಿನ ಹತ್ತಿರ.

ಫ್ರೈ ಆಸೆಯೂ ಅದೇ, ದಿಕ್ಕು ಮಾತ್ರ ಉಲ್ಟಾ. ಇಸ್ಫಹಾನ್‌ನಲ್ಲಿ, ಜಾಯಂದೆ ನದಿ ದಡದಲ್ಲಿ ತನ್ನನ್ನು ಹೂಳಬೇಕು ಅಂತ ಬರೆದಿಟ್ಟರು. ಪರ್ಷಿಯನ್ ಕಲೆಯ ಬಗ್ಗೆ ದೊಡ್ಡ ಕೆಲಸ ಮಾಡಿದ ಇನ್ನೊಬ್ಬ ಅಮೆರಿಕನ್, ಆರ್ಥರ್ ಪೋಪ್, ಅಲ್ಲೇ ಮಲಗಿದ್ದಾರೆ. ಆಗಿನ ಅಧ್ಯಕ್ಷ ಅಹ್ಮದಿನೆಜಾದ್ ಸರ್ಕಾರ ಒಪ್ಪಿತು. 2010ರಲ್ಲಿ ಇಸ್ಫಹಾನ್‌ನಲ್ಲಿ ಹಳೇ ಕಾಲದ ಒಂದು ಮನೆಯನ್ನೂ ಕೊಟ್ಟಿತು.

ಆ ಮನೆ ತಗೊಂಡಿದ್ದು ನನಗೆ ಹಿಡಿಸಿಲ್ಲ. 2009ರ ಚುನಾವಣೆಯ ಆಮೇಲೆ ಅದೇ ಸರ್ಕಾರ ಬೀದಿಗಿಳಿದ ಜನರನ್ನು ಹೇಗೆ ಬಗ್ಗುಬಡಿಯಿತು ಅಂತ ಲೋಕವೇ ನೋಡಿತ್ತು. ಮರುವರ್ಷವೇ ಅವರ ಕೈಯಿಂದ ಉಡುಗೊರೆ ಬೇಕಿತ್ತಾ? ದೇಶವನ್ನು ಪ್ರೀತಿಸೋದು ಬೇರೆ, ಗದ್ದುಗೆ ಮೇಲಿರುವವರ ಹಂಗಿಗೆ ಬೀಳೋದು ಬೇರೆ ಅಲ್ವಾ?

2014ರ ಮಾರ್ಚ್‌ನಲ್ಲಿ, 94ನೇ ವಯಸ್ಸಿನಲ್ಲಿ ತೀರಿಕೊಂಡರು. ಅಷ್ಟೊತ್ತಿಗೆ ರೂಹಾನಿ ಅಧ್ಯಕ್ಷ, ಅಮೆರಿಕದ ಜೊತೆ ಅಣು ಮಾತುಕತೆ ಬೇರೆ. ಆ ಮಾತುಕತೆ ಹಿಡಿಸದವರಿಗೆ, ಫ್ರೈಯನ್ನು ಇಸ್ಫಹಾನ್‌ನಲ್ಲಿ ಹೂಳುವ ವಿಷಯದಲ್ಲಿ ಬಡಿಯಲು ಒಂದು ಕೋಲು ಸಿಕ್ಕಿತು. ಪೋಪ್ ಸಮಾಧಿಯ ಗೋಡೆ ಮೇಲೂ ವಿರೋಧದ ಬರಹ ಬಿತ್ತು. ಫ್ರೈ ಗೂಢಚಾರ ಅಂದರು. ಎರಡನೇ ಮಹಾಯುದ್ಧದಲ್ಲಿ ಅವರು ಅಮೆರಿಕದ ಬೇಹುಗಾರಿಕೆ ಇಲಾಖೆಯ ಪರವಾಗಿ ಅಫ್ಘಾನಿಸ್ತಾನದಲ್ಲಿ ಕೆಲಸ ಮಾಡಿದ್ದು ನಿಜ. ಅದು ಗುಟ್ಟೇನಲ್ಲ. ಆಮೇಲಿನ ಅಷ್ಟು ವರ್ಷಗಳ ವಿದ್ವತ್ತು ಸುಮ್ನೆ ವೇಷವಾ ಹಾಗಾದ್ರೆ?

ಹೂಳಲು ಇರಾನ್ ಒಪ್ಪಿಗೆ ಕೊಡಲಿ ಅಂತ ಮನೆಯವರು ಎರಡು ತಿಂಗಳಿಗೂ ಹೆಚ್ಚು ಕಾದರು. ಜೂನ್‌ನಲ್ಲಿ ಅಮೆರಿಕದಲ್ಲೇ ದಹನ ಮಾಡಿದರು.

ಓದಬೇಕು ಅನ್ನಿಸಿದವರು 'ದಿ ಹೆರಿಟೇಜ್ ಆಫ್ ಪರ್ಷಿಯಾ' ಇಂದ ಶುರು ಮಾಡಿ. 60ರ ದಶಕದ ಪುಸ್ತಕ, ಅಲ್ಲಲ್ಲಿ ಹಳತಾಗಿದೆ. ಪರ್ಷಿಯನ್ ಭಾಷೆಗೂ ಅನುವಾದವಾಗಿದೆ, ಇರಾನಿನಲ್ಲೇ ಅದನ್ನು ಓದಿದ್ದಾರೆ.